ಮಹಡಿ ಮೇಷ್ಟ್ರ ಗಂಟೆದೀಪ

ಧಾರವಾಡದಿಂದ ಫೋನ್ ಬಂದಾಗ ನಾನು ಕೆಳಗಿನ ಯಾತ್ರಿಕರಿಗೆ ಕಾಫಿ ಬೆರೆಸುತ್ತಿದ್ದೆ. ಮಾತಾಡಿದವಳು ಮಹಡಿ ಮೇಷ್ಟ್ರ ತಮ್ಮನ ಮಗಳು. “ದೊಡ್ಡಪ್ಪ ಮುಂಜಾನೆ ಹೋಗಿಬಿಟ್ರು ರೀ ಅಕ್ಕಾರ. ಚಹಾ ಕುಡದು ಕಟ್ಟಿ ಮ್ಯಾಲೆ ಬಿಸಿಲಿಗೆ ಕೂತಿದ್ರು, ಕೂತಲ್ಲೇ…” ಅಂದಳು. ಅಳುತ್ತಿರಲಿಲ್ಲ, ದನಿ ಮಾತ್ರ ಸಣ್ಣಗಾಗಿತ್ತು. ನಾನು ಏನೋ ನಾಲ್ಕು ಮಾತು ಹೇಳಿ ಫೋನ್ ಇಟ್ಟೆ. ಆಮೇಲೆ ನೋಡಿದರೆ ಎಲ್ಲ ಲೋಟಕ್ಕೂ ಎರಡೆರಡು ಸಲ ಸಕ್ಕರೆ ಹಾಕಿಬಿಟ್ಟಿದ್ದೆ. ಯಾತ್ರಿಕರು ಪಾಪ, ಕಾಶಿಯ ಕಾಫಿ ಹೀಗೇ ಇರುತ್ತದೆ ಅಂದುಕೊಂಡು ಕುಡಿದರು.

ಮಹಡಿ ಮೇಷ್ಟ್ರು ಅನ್ನುವುದು ನಮ್ಮ ಅತ್ತೆ ಇಟ್ಟ ಹೆಸರು. ಅವರ ಸ್ವಂತ ಹೆಸರಿನಿಂದ ನಮ್ಮ ಮನೆಯಲ್ಲಿ ಯಾರೂ ಅವರನ್ನು ಕರೆದವರಲ್ಲ. ಈಗ ಅದನ್ನು ಬರೆಯಲು ಹೋದರೆ ಬೇರೆ ಯಾರದೋ ಹೆಸರಿನ ಹಾಗೆ ಕಾಣುತ್ತದೆ, ಅದಕ್ಕೇ ಬಿಟ್ಟಿದ್ದೇನೆ. ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ಹಳೆಯ ಮನೆ. ನನ್ನ ಗಂಡನ ಕಡೆಯವರು ತಲೆಮಾರುಗಳಿಂದ ಕನ್ನಡನಾಡಿನ ಕಡೆಯಿಂದ ಬರುವ ಯಾತ್ರಿಕರಿಗೆ ಸಂಕಲ್ಪ, ಶ್ರಾದ್ಧ ಮಾಡಿಸಿಕೊಂಡು ಬಂದವರು. ನಾನು ನಂಜನಗೂಡಿನಿಂದ ಮದುವೆಯಾಗಿ ಬಂದವಳು. ಕೆಳಗೆ ಯಾತ್ರಿಕರು, ನಡುವೆ ನಾವು, ಮೇಲೆ ಮೇಷ್ಟ್ರು, ಅವರ ಮೇಲೆ ತಾರಸಿಯಲ್ಲಿ ಕೋತಿಗಳು. ಇದು ನಮ್ಮ ಮನೆಯ ವ್ಯವಸ್ಥೆ.

ಮೇಷ್ಟ್ರು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆ ಅಂತ ಅತ್ತೆ ನೇರವಾಗಿಯೇ ಕೇಳಿದ್ದರು. “ಪುರಸೊತ್ತ ಸಿಗ್ಲಿಲ್ಲ ನೋಡ್ರಿ ಅಮ್ಮಾರ” ಅಂದಿದ್ದರು. ಕ್ವಾರ್ಟರ್ಸ್ ಬಿಟ್ಟು ಬಾಡಿಗೆ ಮನೆ ಹುಡುಕುತ್ತಾ ಬಂದ ದಿನ ನೀರು ಬರುತ್ತದೆಯೇ, ಬಚ್ಚಲು ಹೇಗಿದೆ ಅಂತ ಒಂದೂ ಕೇಳಲಿಲ್ಲ. ನೇರ ತಾರಸಿಗೆ ಹತ್ತಿ, “ಇಲ್ಲೆ ಬಿಸಲು ಎಷ್ಟೊತ್ತಿಗೆ ಬೀಳ್ತದ್ರಿ?” ಅಂದರು. ನಮ್ಮವರಿಗೆ ಖುಷಿಯಾಯಿತು. ಸೂರ್ಯನಮಸ್ಕಾರ ಮಾಡುವ ಶಿಸ್ತಿನ ಮನುಷ್ಯ ಸಿಕ್ಕಿದರು ಅಂದುಕೊಂಡರು. ವಾರ ಕಳೆಯುವುದರೊಳಗೆ ನಾನು ಬಟ್ಟೆ ಒಣಗಿಸಲು ಹೋದಾಗ ಕಂಡದ್ದೇ ಬೇರೆ. ಕೈಗೆ ರಬ್ಬರಿನ ಗವಸು, ಮೂಗಿಗೆ ಬಟ್ಟೆ, ಎದುರಿಗೆ ಪ್ಲಾಸ್ಟಿಕ್ ಟ್ರೇ, ಅದರಲ್ಲಿ ಕಂದು ನೀರು. ಮಗುವನ್ನು ತೂಗಿದ ಹಾಗೆ ಟ್ರೇಯನ್ನು ಮೆಲ್ಲಗೆ ತೂಗುತ್ತಾ ಬಿಸಿಲಿನಲ್ಲಿ ಕೂತಿದ್ದರು. ನಾನು ಕೆಳಗೆ ಬಂದು ವರದಿ ಒಪ್ಪಿಸಿದೆ. ಅತ್ತೆ, “ಅದ್ಯಾವ ಕರ್ಮವೋ, ಧಾರವಾಡದ ಕಡೆ ಹಾಗೆ ಮಾಡ್ತಾರೇನೋ” ಅಂದರು.

ಫೋನು, ಟೀವಿ, ಫ್ಯಾನಿನ ರೆಗ್ಯುಲೇಟರು, ಯಾವುದನ್ನು ಬಿಚ್ಚಿದರೂ ಒಳಗೆ ಗೆರೆ ಗೆರೆ ಇರುವ ಒಂದು ಹಲಗೆ ಕಾಣುತ್ತದಲ್ಲ, ಮೇಷ್ಟ್ರು ಅದನ್ನು ಮನೆಯಲ್ಲೇ ಮಾಡುತ್ತಿದ್ದರು. ಒಂದು ಮುಖಕ್ಕೆ ತಾಮ್ರ ಹೊದಿಸಿದ ಹಲಗೆ ಅಂಗಡಿಯಲ್ಲಿ ಸಿಗುತ್ತದೆ. ಕರೆಂಟು ಎಲ್ಲೆಲ್ಲಿ ಹರಿಯಬೇಕೋ ಅಲ್ಲಿಯ ತಾಮ್ರ ಉಳಿಸಿ ಮಿಕ್ಕಿದ್ದನ್ನು ಕರಗಿಸಿಬಿಡಬೇಕು. ಅದಕ್ಕೆ ಗೆರೆಗಳನ್ನು ಕಂಪ್ಯೂಟರಿನಲ್ಲಿ ಬರೆದು, ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿ, ಆ ಕಾಗದವನ್ನು ತಾಮ್ರದ ಮೇಲೆ ಬೋರಲಾಗಿಟ್ಟು ಇಸ್ತ್ರಿ ಹಾಕುವುದು. ಮಸಿ ಕಾಗದವನ್ನು ಬಿಟ್ಟು ತಾಮ್ರಕ್ಕೆ ಅಂಟುತ್ತದೆ. ಆಮೇಲೆ ನೀರಿನಲ್ಲಿ ನೆನೆಸಿ ಕಾಗದ ಉಜ್ಜಿ ತೆಗೆದು, ಹಲಗೆಯನ್ನು ಫೆರಿಕ್ ಕ್ಲೋರೈಡಿನ ನೀರಿನಲ್ಲಿ ತೂಗುತ್ತಾ ಕೂರಬೇಕು. ಮಸಿ ಮುಚ್ಚಿದ ತಾಮ್ರ ಉಳಿಯುತ್ತದೆ, ಬರಿಯ ತಾಮ್ರ ಕರಗುತ್ತದೆ. ಆ ಕಂದು ನೀರಿಗೆ ನಮ್ಮ ಅತ್ತೆ ‘ಮೇಷ್ಟ್ರ ಕಷಾಯ’ ಅಂತ ಹೆಸರಿಟ್ಟರು. ಅದು ತಾಗಿದ ಬಟ್ಟೆ ಮತ್ತೆ ಬಿಳಿಯಾಗುವುದಿಲ್ಲ. ಮೇಷ್ಟ್ರ ಅಂಗಿ ಪಂಚೆಗಳೆಲ್ಲ ಹಳದಿ ಹಳದಿ. ಬಲಗೈ ಹೆಬ್ಬೆರಳ ಉಗುರು ಸದಾ ಎಲೆಅಡಿಕೆ ಮೆದ್ದವರ ಹಲ್ಲಿನ ಬಣ್ಣ.

ನುಣುಪು ಕಾಗದಕ್ಕೆ ಬನಾರಸಿನಲ್ಲಿ ಬರವೇ? ಗೋದೌಲಿಯಾದ ಸೀರೆ ಅಂಗಡಿಗಳಿಂದ ಹಳೆಯ ಕ್ಯಾಟಲಾಗುಗಳನ್ನು ಕೇಳಿ ತರುತ್ತಿದ್ದರು. ಪ್ರಿಂಟ್ ಅಂಗಡಿಯವನು ಪ್ರತಿ ಸಲವೂ ಜಗಳ ತೆಗೆಯುತ್ತಿದ್ದ. “ಮಾಸ್ಟರ್ ಸಾಬ್, ಮಶೀನ್ ಬೈಠ್ ಜಾಯೇಗೀ”, ಮಿಷನ್ ಕೆಟ್ಟು ಕೂರುತ್ತದೆ ಅನ್ನುವುದು ಒಂದು ತಕರಾರು. ಸೀರೆ ಉಟ್ಟು ನಿಂತ ಹೆಣ್ಣುಮಕ್ಕಳ ಮುಖದ ಮೇಲೆ ಹೀಗೆ ಗೆರೆ ಎಳೆಯುವುದು ಚೆಂದವಲ್ಲ ಅನ್ನುವುದು ಇನ್ನೊಂದು. ತಾರಸಿಯ ಬಕೆಟ್ಟಿನಲ್ಲಿ ಕಾಗದ ಉಜ್ಜುವ ದಿನ ನೀರಿನ ಮೇಲೆ ಜರಿಯಂಚು, ಕಿವಿಯೋಲೆ, ಅರ್ಧ ನಗು ತೇಲುತ್ತಿದ್ದವು.

ನನಗೂ ಮೇಷ್ಟ್ರಿಗೂ ಸ್ನೇಹ ಬೆಳೆದದ್ದು ಇಸ್ತ್ರಿ ಪೆಟ್ಟಿಗೆಯಿಂದ. ಮೊದಲು ಅದನ್ನು ಕೇಳಿಕೊಂಡು ಹೋಗುತ್ತಿದ್ದರು. ಮಸಿ ಅಂಟಿದ ಪೆಟ್ಟಿಗೆ ವಾಪಸು ಬಂದು ನಮ್ಮವರ ಮಡಿ ಪಂಚೆಯ ಮೇಲೆ ಗೆರೆ ಮೂಡಿದ ದಿನ ನಾನು ಮೇಲೆ ಹತ್ತಿ ಜಗಳಕ್ಕೇ ನಿಂತೆ. ಅವರು ಹಲಗೆ ತೋರಿಸಿದರು. ಗೆರೆಗಳೆಲ್ಲ ಹಿಸುಕಿ ಅಕ್ಕಪಕ್ಕಕ್ಕೆ ಹರಡಿದ್ದವು. “ಇಷ್ಟು ವರ್ಷಾತು, ಇಸ್ತ್ರಿ ಒಂದ ನನ್ನ ಕೈಗೆ ಹತ್ತವಲ್ದು” ಅಂದರು. ರೇಷ್ಮೆಗೂ ಹತ್ತಿಗೂ ನಡುವಿನ ಹದವೊಂದಿದೆ, ಪೆಟ್ಟಿಗೆಯನ್ನು ಎಳೆದಾಡಬಾರದು, ಒತ್ತಿ ಇಟ್ಟು ಎತ್ತಿ ಇಡಬೇಕು. ಜಗಳ ಮರೆತು ಅಷ್ಟು ಮಾಡಿ ತೋರಿಸಿದೆ. ಕಾಗದ ಉಜ್ಜಿ ತೆಗೆದಾಗ ಒಂದು ಗೆರೆಯೂ ಅಲುಗಿರಲಿಲ್ಲ. ಅವತ್ತಿನಿಂದ ಅವರ ಎಲ್ಲ ಹಲಗೆಗೂ ಇಸ್ತ್ರಿ ನನ್ನದೇ. ಅವರಿಗೆಂದೇ ಬೇರೆ ಪೆಟ್ಟಿಗೆಯೂ ಬಂತು. ನಾನು ‘ತಂಗಿ’ ಆದದ್ದೂ ಅವತ್ತೇ. ನನ್ನ ಮಗಳು ಮನೆಯಲ್ಲಿ ಕನ್ನಡಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುವ ಕಾಲ ಅದು. ಹಾಗಿರುವಾಗ ಮಹಡಿಯಿಂದ ಯಾರೋ “ತಂಗೀ, ಇಸ್ತ್ರಿ ಕಾಯ್ದದ ನೋಡು” ಅಂತ ಕೂಗುವುದು ನನಗೆ ಎಷ್ಟು ಹಿತವಾಗಿತ್ತು ಅಂತ ಅವರಿಗೆ ಒಮ್ಮೆಯೂ ಹೇಳಲಿಲ್ಲ.

ಈ ಹಲಗೆಗಳಲ್ಲಿ ಅತ್ತೆಯ ಪಾಲೂ ಇತ್ತು. ಮೊದಲಿಗೆ ‘ಶ್ರೀ’ ಬರೆಯದೆ ಯಾವ ಕೆಲಸವನ್ನೂ ಶುರು ಮಾಡಬಾರದು ಅಂತ ಅವರ ಅಪ್ಪಣೆ. ಮೇಷ್ಟ್ರು ದೇವರು ದಿಂಡರು ಅಂತ ಹೆಚ್ಚು ಹಚ್ಚಿಕೊಂಡವರಲ್ಲ, ಆದರೂ ಈ ಮಾತು ಅವರಿಗೆ ಭಾರಿ ಹಿಡಿಸಿತು. ಕಾಗದ ಬೋರಲಾಗಿ ಅಂಟುವುದರಿಂದ ಗೆರೆಗಳು ಎಡಬಲ ತಿರುಗುತ್ತವೆ. ಪ್ರಿಂಟ್ ತೆಗೆಸುವಾಗ ಅದನ್ನು ಲೆಕ್ಕಕ್ಕಿಡದೆ ಹೋದರೆ ಇಡೀ ಹಲಗೆ ತಿರುಗುಮುರುಗು. ಮೂಲೆಯಲ್ಲಿ ಒಂದು ಶ್ರೀ ಇದ್ದರೆ ಕಾಗದ ತೆಗೆದ ಕೂಡಲೇ ಗೊತ್ತಾಗುತ್ತದೆ. ಮೊದಲ ಶ್ರೀಯೇ ತಿರುಗಿ ಬಂತು. ಮೇಷ್ಟ್ರು ಹಲಗೆಯನ್ನು ಕನ್ನಡಿಗೆ ಹಿಡಿದು ನೋಡಿ, “ಕನ್ನಡಿ ಒಳಗಿನ ಮನ್ಯಾಗ ಇದು ಛಲೋ ಕೆಲಸಾ ಮಾಡ್ತದ” ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋತರೆ ಸೋತೆ ಅಂತ ಬಾಯಿ ಬಿಟ್ಟು ಹೇಳಬೇಕು ಅನ್ನುವುದು ಅವರ ನೇಮ. ಕೆಟ್ಟ ಹಲಗೆಗಳನ್ನೆಲ್ಲ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಬಂದವರಿಗೆಲ್ಲ ಗೆದ್ದದ್ದಕ್ಕಿಂತ ಮೊದಲು ಅವನ್ನು ತೋರಿಸುತ್ತಿದ್ದರು.

ಇದನ್ನೆಲ್ಲ ಈಗ ಆನ್‌ಲೈನಿನಲ್ಲಿ ಹೇಳಿದರೆ ಮಾಡಿ ಕಳಿಸುತ್ತಾರಂತಲ್ಲ, ಈ ವಯಸ್ಸಿನಲ್ಲಿ ಯಾಕೆ ಒದ್ದಾಟ ಅಂತ ನಮ್ಮವರು ಒಮ್ಮೆ ಕೇಳಿದರು. ಮೇಷ್ಟ್ರು ಊಟಕ್ಕೆ ಕೂತಿದ್ದರು. “ಹೋಟೆಲ್ನ್ಯಾಗೂ ಅನ್ನ ಸಿಗ್ತದಲ್ರಿ ಭಟ್ಟರ, ನಮ್ಮ ತಂಗಿ ಯಾಕ ಮನ್ಯಾಗ ಮಾಡ್ತಾಳ?” ಅಂದು ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡರು.

ನಮ್ಮ ಮನೆಯಲ್ಲಲ್ಲದೆ ಇನ್ನೆಲ್ಲೂ ನಡೆಯಲಾರದ ಒಂದು ಎಡವಟ್ಟನ್ನು ಇಲ್ಲಿ ಹೇಳಲೇಬೇಕು. ಕಷಾಯ ಬೆಚ್ಚಗಿದ್ದರೆ ತಾಮ್ರ ಬೇಗ ಕರಗುತ್ತದೆ. ಚಳಿಗಾಲದಲ್ಲಿ ಬಿಸಿಲು ಸಾಲದೆ ಅವರು ಕಷಾಯದ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸುತ್ತಿದ್ದರು. ನಾನೂ ಡಿಕಾಕ್ಷನ್ ಆರದಿರಲೆಂದು ಬಾಟಲಿಯಲ್ಲಿ ತುಂಬಿಸಿ ಹಾಗೇ ಬಿಸಿನೀರಿನಲ್ಲಿ ಇಡುತ್ತಿದ್ದೆ. ಚಹಾದ ಊರಿನಲ್ಲಿ ಡಿಕಾಕ್ಷನ್ ಅಂದರೆ ಸಾಮಾನ್ಯದ ವಸ್ತುವೇ? ಒಂದು ದಿನ ಎರಡೂ ನನ್ನ ಅಡಿಗೆಕಟ್ಟೆಯ ಮೇಲೆ ಅಕ್ಕಪಕ್ಕ ಕೂತಿದ್ದವು. ಮೇಷ್ಟ್ರು ಒಂದನ್ನು ಎತ್ತಿಕೊಂಡು ಹೋದರು. ನಾನು ಹಾಲು ಕಾಸಿ, ಕೆಳಗಿನ ಯಾತ್ರಿಕರಿಗೆ ಲೋಟ ಜೋಡಿಸಿ, ಉಳಿದ ಬಾಟಲಿಯ ಮುಚ್ಚಳ ತೆಗೆದೆ. ತುಕ್ಕು ಕಬ್ಬಿಣದ ಹಾಗೆ ವಾಸನೆ ಬಂತು. ಬಾಟಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಓಡಿದರೆ, ಮೇಷ್ಟ್ರು ಟ್ರೇಯಲ್ಲಿ ನನ್ನ ಡಿಕಾಕ್ಷನ್ ಸುರಿದುಕೊಂಡು ಹಲಗೆಯನ್ನು ತೂಗುತ್ತಾ ಕೂತಿದ್ದಾರೆ! ನನ್ನನ್ನು ಕಂಡವರೇ, “ಈ ಸಲದ ಮಾಲು ಎಳ್ಳಷ್ಟೂ ಸರಿ ಇಲ್ಲ ತಂಗಿ, ತಾಮ್ರ ಕರಗವಲ್ದು” ಅಂತ ಅಂಗಡಿಯವನನ್ನು ಬೈದರು. ನಾನು ಉಸಿರು ಬಿಡುತ್ತಾ ವಿಷಯ ಹೇಳಿದೆ. ಅವರು ಗವಸು ಬಿಚ್ಚಿ ಎರಡೂ ಕೈ ಜೋಡಿಸಿದರು. ಅವತ್ತೇ ಕಷಾಯದ ಬಾಟಲಿಗೆ ಕೆಂಪು ಬಣ್ಣ ಬಳಿದು, ಬೀಗವಿರುವ ಡಬ್ಬಿಯಲ್ಲಿಟ್ಟರು. ಮತ್ತೆಂದೂ ಅದು ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ. ಆ ಹಲಗೆ ಮಾತ್ರ ಡಿಕಾಕ್ಷನ್ನಿನಲ್ಲಿ ಮಿಂದು ಘಮ್ಮೆನ್ನುತ್ತಾ ಸೋತವರ ಮೊಳೆಗೆ ಸೇರಿತು.

ಹಳೆಯದಾದ ಕಷಾಯವನ್ನು ಅವರು ಒಂದು ತೊಟ್ಟೂ ಮೋರಿಗೆ ಬಿಟ್ಟವರಲ್ಲ. ನಮ್ಮ ಗಲ್ಲಿಯ ಮೋರಿ ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಪಾನ್ ಅಂಗಡಿಯಿಂದ ಸುಣ್ಣ ತಂದು ಅದಕ್ಕೆ ಕಲಸಿ, ಕೆಸರಾದದ್ದನ್ನು ಬಿಸಿಲಲ್ಲಿ ಒಣಗಿಸಿ, ಸಿಮೆಂಟಿನೊಳಗೆ ಸೇರಿಸಿ ಸಣ್ಣ ಸಣ್ಣ ಇಟ್ಟಿಗೆ ಹೊಯ್ಯುತ್ತಿದ್ದರು. “ಹೂವು, ಹಾರ, ಬೂದಿ, ಎಲ್ಲಾನೂ ಗಂಗವ್ವನ ಮಡಿಲಿಗೇ ಹಾಕ್ತೀವಿ. ನಂದೂ ಒಂದು ಯಾಕ?” ಅನ್ನುತ್ತಿದ್ದರು. ನಮ್ಮ ತುಳಸಿಕಟ್ಟೆಯ ಸುತ್ತ ಈಗಲೂ ಆ ಇಟ್ಟಿಗೆಗಳಿವೆ.

ಇನ್ನು ಅತ್ತೆಯ ಗಂಟೆಯ ವಿಷಯ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಸಂಜೆ ಕೇದಾರನ ಆರತಿಯ ಗಂಟೆ ಕೇಳಿದ ಮೇಲೇ ದೇವರ ಮುಂದೆ ದೀಪ ಹಚ್ಚಿದವರು. ಗಡಿಯಾರ ನೋಡಿ ಹಚ್ಚುವುದಿಲ್ಲ, ಕತ್ತಲಾಯಿತು ಅಂತಲೂ ಹಚ್ಚುವುದಿಲ್ಲ. ಗಂಟೆ ಬಡಿಯಬೇಕು, ಅವರು ಕಡ್ಡಿ ಗೀರಬೇಕು. ವಯಸ್ಸಾಗುತ್ತಾ ಅವರ ಕಿವಿ ಮಂದವಾಯಿತು. ಹತ್ತಿರ ಕೂತು ಗಟ್ಟಿಯಾಗಿ ಹೇಳಿದರೆ ತಿಳಿಯುತ್ತಿತ್ತು, ಗಲ್ಲಿಯಾಚೆಯ ಗಂಟೆ ಮಾತ್ರ ತಪ್ಪಿಹೋಯಿತು. ಕಿವಿಗೆ ಹಾಕುವ ಮಿಷನ್ ತಂದೆವು. ಹಾಕಿಕೊಂಡ ಕೂಡಲೇ ಇಡೀ ಬನಾರಸ್ಸು ಹಾರ್ನು, ಲೌಡ್‌ಸ್ಪೀಕರುಗಳ ಸಮೇತ ಒಳಗೆ ನುಗ್ಗಿತಂತೆ. ಕಿತ್ತು ಬಳೆಯ ಡಬ್ಬಿಯಲ್ಲಿ ಹಾಕಿಟ್ಟರು. ನಾನು ದಿನಾ ಹೋಗಿ, “ಗಂಟೆ ಆಯ್ತು ಅತ್ತೆ” ಅಂತ ಭುಜ ಮುಟ್ಟಿ ಹೇಳತೊಡಗಿದೆ. ಕೆಲವು ದಿನ ಸುಮ್ಮನಿದ್ದರು. ಒಂದು ಸಂಜೆ ಬೆಂಕಿಪೊಟ್ಟಣ ನನ್ನ ಕೈಗೇ ಕೊಟ್ಟುಬಿಟ್ಟರು.

“ಇನ್ಮೇಲೆ ನೀನೇ ಹಚ್ಚಮ್ಮ. ಅವನು ಕರೆದಿದ್ದು ನನಗೆ ಕೇಳಿಸ್ಬೇಕು. ನೀನು ಬಂದು ಹೇಳಿ ನಾನು ಹಚ್ಚೋದಾದ್ರೆ ಅದು ನಿನ್ನ ದೀಪ, ನನ್ನದಲ್ಲ.”

ಆ ಮೇಲೆ ಸಂಜೆ ಹೊತ್ತು ದೇವರ ಕೋಣೆಗೆ ಬರುವುದನ್ನೇ ಬಿಟ್ಟರು. ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು, ನನ್ನ ಅಡಿಗೆಗೆ ಹೆಸರಿಡುವುದೂ ನಿಂತುಹೋಯಿತು. ಅದೊಂದು ನಿಂತಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮೇಷ್ಟ್ರಿಗೆ ಈ ವಿಷಯ ಹೇಳಿದ್ದು ನಾನೇ. ಅವರು ಕೆಳಗೆ ಬಂದು ಅತ್ತೆಯ ಕಿವಿಯ ಬಳಿ ಕೂಗಿದರು: “ಅಮ್ಮಾರ, ನಾ ಒಂದು ಬೋರ್ಡ್ ಮಾಡಿಕೊಡ್ತೀನಿ. ಕೇದಾರನ ಗಂಟಿ ಬಾರಿಸಿದ ಕೂಡ್ಲೆ ನಿಮ್ಮ ದೇವರ ಮುಂದ ಸಣ್ಣ ಬಲ್ಬು ಹತ್ತತದ. ಯಾರೂ ಹೇಳೂದು ಬ್ಯಾಡ. ಕಿವಿ ಬದಲಿ ಕಣ್ಣಿಲೆ ಕೇಳ್ರಿ, ಅಷ್ಟ.” ಅತ್ತೆ ಎದ್ದು ಕೂತರು. “ನಿಜವಾಗ್ಲೂ ಆಗತ್ತಾ ಮೇಷ್ಟ್ರೇ?” ಅಂದರು. ಅವರು ಅಷ್ಟು ಆಸೆಯಿಂದ ಒಂದು ಮಾತು ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ತಾರಸಿಯಲ್ಲಿ ಒಂದು ಸಣ್ಣ ಮೈಕು, ಮೇಷ್ಟ್ರ ಕೋಣೆಯಲ್ಲಿ ಹಲಗೆ, ಅಲ್ಲಿಂದ ದೇವರ ಕೋಣೆಗೆ ವಯರು, ಅದರ ತುದಿಗೆ ಹಳದಿ ಬಲ್ಬು. ಗಂಟೆದೀಪ ಅಂತ ಅತ್ತೆಯೇ ಹೆಸರಿಟ್ಟರು. ಮೊದಲ ಮೈಕನ್ನು ಕೋತಿ ಕಿತ್ತುಕೊಂಡು ಹೋಗಿ ಪಕ್ಕದ ಗುಡಿಯ ಗೋಪುರದ ಮೇಲೆ ಕೂತು ಕಚ್ಚಿ ನೋಡಿತು. ಎರಡನೆಯದಕ್ಕೆ ಪಂಜರ ಕಟ್ಟಿದರು. ಆದರೆ ಕಾಶಿಯಲ್ಲಿ ಗಂಟೆ ಬಾರಿಸದ ವಸ್ತು ಯಾವುದಿದೆ? ಸೈಕಲ್ಲಿಗೂ ಗಂಟೆ, ಹಸುವಿನ ಕೊರಳಿಗೂ ಗಂಟೆ, ಮೂಲೆ ಮೂಲೆಯ ಗುಡಿಗೂ ಗಂಟೆ. ಒಂದು ನಡುಮಧ್ಯಾಹ್ನ ಕುಲ್ಫಿಯವನು ಗಲ್ಲಿಯಲ್ಲಿ ಹಾದುಹೋದ, ಬಲ್ಬು ಹತ್ತಿತು, ಅತ್ತೆ ಭಕ್ತಿಯಿಂದ ದೀಪ ಹಚ್ಚಿ ಮಂಗಳಾರತಿಯನ್ನೂ ಎತ್ತಿಬಿಟ್ಟರು. ತುಮಕೂರಿನಿಂದ ಬಂದಿದ್ದ ಒಂದು ಕುಟುಂಬ ಇದೇನೋ ವಿಶೇಷ ಪೂಜೆ ಇರಬೇಕೆಂದು ಎಂಜಲು ಕೈ ತೊಳೆದುಕೊಂಡು ಓಡಿ ಬಂದು ಸಾಲಾಗಿ ನಿಂತಿತು.

ಮೇಷ್ಟ್ರು ಪಟ್ಟು ಬಿಡಲಿಲ್ಲ. ಹಲಗೆಯ ಮೇಲೆ ಹಲಗೆ. ನಾನು ಇಸ್ತ್ರಿ ಹಾಕಿದೆ, ಹಾಕಿದೆ, ಹಾಕುತ್ತಲೇ ಹೋದೆ. ಎಲ್ಲದರ ಮೂಲೆಯಲ್ಲೂ ಶ್ರೀ. ಅತ್ತೆ ದಿನಾ ಮೆಟ್ಟಿಲ ಕೆಳಗೆ ನಿಂತು, “ಏನಾಯ್ತು ಮೇಷ್ಟ್ರೇ?” ಅಂತ ಕೂಗುವುದು, ಅವರು ಮೇಲಿನಿಂದ, “ಸೋತೆ ಅಮ್ಮಾರ, ನಾಳೆ ನೋಡೂಣು” ಅನ್ನುವುದು. ಗೋಡೆಯ ಮೊಳೆ ಭಾರಕ್ಕೆ ಜಗ್ಗಿತು. ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಎಂದಿನಂತೆ ಅತ್ತೆ ದೇವರ ಕೋಣೆಯಲ್ಲಿ ಬೆಂಕಿಪೊಟ್ಟಣ ಹಿಡಿದು ಕೂತಿದ್ದರು. ಹೊರಗೆ ಸೈಕಲ್ ಹೋಯಿತು, ಬಲ್ಬು ಸುಮ್ಮನಿತ್ತು. ಹಸು ಹೋಯಿತು, ಸುಮ್ಮನಿತ್ತು. ಆಮೇಲೆ ಕೇದಾರನ ಗಂಟೆ ಶುರುವಾಯಿತು. ಬಲ್ಬು ಹತ್ತಿತು! ಸುಮ್ಮನೆ ಹತ್ತಿದ್ದಲ್ಲ, ಗಂಟೆಯ ಒಂದೊಂದು ಪೆಟ್ಟಿಗೂ ಒಂದೊಂದು ಸಲ ಬೆಳಗಿ ಆರಿ ಬೆಳಗಿ ಆರಿ, ಗಂಟೆ ನಿಲ್ಲುವವರೆಗೂ ಬಡಿಯಿತು. ಅತ್ತೆ ಗೀರಿದ ಎರಡು ಕಡ್ಡಿ ಮುರಿದವು. ಮೂರನೆಯದಕ್ಕೆ ದೀಪ ಹತ್ತಿತು. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಅತ್ತೆ, “ಸಾರಿಗೆ ಉಪ್ಪು ಯಾರಪ್ಪನ ಮನೆಯದು ಅಂತ ಸುರಿದಿದೀಯೇ?” ಅಂದರು. ಮನೆ ಮತ್ತೆ ಮನೆಯಾಯಿತು.

ಆಮೇಲೆ ಮೇಷ್ಟ್ರಲ್ಲಿ ಒಂದು ಬದಲಾವಣೆ ಕಂಡಿತು. ಸಂಜೆ ಹೊತ್ತು ಮನೆ ಬಿಟ್ಟು ಕದಲುತ್ತಿರಲಿಲ್ಲ. ಇಲ್ಲಿಯ ಕನ್ನಡದವರು ಸೇರುವ ದಿನ ಕರೆದರೆ, “ಮೊಣಕಾಲ್ರಿ” ಅನ್ನುವರು. ದೋಣಿಯಲ್ಲಿ ಹೋಗೋಣವೆಂದರೂ ಮೊಣಕಾಲು, ಬಂಗಾಲಿ ಟೋಲಾದಲ್ಲಿ ಗೆಳೆಯರ ಮಗಳ ಮದುವೆಯೆಂದರೂ ಮೊಣಕಾಲು. ಬೆಳಿಗ್ಗೆ ಮಾತ್ರ ಅದೇ ಮೊಣಕಾಲು ಘಾಟಿನ ಅಷ್ಟೂ ಮೆಟ್ಟಿಲಿಳಿದು ಸ್ನಾನ ಮಾಡಿ ಹತ್ತಿ ಬರುತ್ತಿತ್ತು. “ನಿಮ್ಮ ಮೊಣಕಾಲಿಗೆ ಸೂರ್ಯ ಮುಳುಗಿದ್ದು ಹೇಗೆ ಗೊತ್ತಾಗತ್ತೆ?” ಅಂತ ನಾನು ರೇಗಿಸುತ್ತಿದ್ದೆ. ಅವರು ನಕ್ಕು ಮಾತು ಹಾರಿಸುತ್ತಿದ್ದರು. ಹೀಗೇ ವರ್ಷಗಳು ಕಳೆದವು. ಒಂದು ಮಾಘದ ಚಳಿಯಲ್ಲಿ ಬಲ್ಬು ತಡವಾಗಿ ಹತ್ತಿ, ತಾಳ ತಪ್ಪಿ ಎರಡು ಸಲ ಬೆಳಗಿ ನಿಂತುಬಿಟ್ಟಿತು. ಮೈಕಿನೊಳಗೆ ಮಂಜು ಕೂತಿರಬೇಕು ಅಂತ ನಾನು ಅಂದುಕೊಂಡೆ. ಅತ್ತೆ ದೀಪ ಹಚ್ಚಿ ಹೊರಗೆ ಬಂದು, “ಮೆಣಸು ಜಾಸ್ತಿ ಹಾಕಿ ಗಂಜಿ ಮಾಡಿ ಮೇಲಕ್ಕೆ ತಗೊಂಡು ಹೋಗು, ಮೇಷ್ಟ್ರಿಗೆ ಮೈ ಸರಿಯಿಲ್ಲ” ಅಂದರು. ಹೋಗಿ ನೋಡಿದರೆ ಮೇಷ್ಟ್ರು ಕಂಬಳಿ ಹೊದ್ದು ಜ್ವರದಲ್ಲಿ ನರಳುತ್ತಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮುದುಡಿದ್ದರು. ನಮ್ಮವರು ಹೇಳಿರಬೇಕು ಅಂದುಕೊಂಡು ನಾನು ಹೆಚ್ಚು ಯೋಚಿಸಲಿಲ್ಲ.

ಕಡೆಗೆ ಮೊಣಕಾಲು ನಿಜವಾಗಿಯೂ ಕೈಕೊಟ್ಟಿತು. ತಮ್ಮನ ಮಗಳು ಬಂದು, ಧಾರವಾಡಕ್ಕೆ ನಡೀರಿ ಅಂತ ಹಟ ಹಿಡಿದಳು. “ಮಂದಿ ಸಾಯ್ಲಿಕ್ಕೆ ಕಾಶಿಗೆ ಬರ್ತಾರ. ನಾ ಬದುಕ್ಲಿಕ್ಕೆ ಧಾರವಾಡಕ್ಕ ಹೊಂಟೀನಿ” ಅಂತ ಗಲ್ಲಿಯವರಿಗೆಲ್ಲ ಹೇಳಿಕೊಂಡು ಓಡಾಡಿದರು. ಹೊರಡುವ ಹಿಂದಿನ ದಿನ ನನ್ನನ್ನು ಮೇಲೆ ಕರೆದು ಬಾಗಿಲು ಹಾಕಿದರು. ಕಿಟಕಿಯ ಪಕ್ಕದ ಪರದೆ ಸರಿಸಿದರು. ಗೋಡೆಯ ಮೇಲೆ ಕರೆಗಂಟೆಯ ಬಿಳಿ ಗುಂಡಿಯೊಂದಿತ್ತು. ಅದರ ನಡುವೆ ಹೆಬ್ಬೆರಳಿನ ಕಂದು ಗುರುತು.

“ಇದು ಏನು?” ಅಂದೆ.

“ಇದ ಕೇದಾರನ ಗಂಟಿ” ಅಂದರು. “ಇದನ್ನ ಒತ್ತಿದ್ರ ಕೆಳಗ ಬಲ್ಬು ಹತ್ತತದ.”

ನಾನು ಆ ಕಂದು ಗುರುತನ್ನು ಮುಟ್ಟಿ ನೋಡಿದೆ. “ಯಾವತ್ತಿಂದ?”

“ಸರಿಯಾಗಿ ಹತ್ತಿದ ಮೊದಲ್ನೇ ದಿನದಿಂದ. ಕಾಶ್ಯಾಗಿನ ಗಂಟಿ ಬ್ಯಾರೆ ಬ್ಯಾರೆ ಮಾಡೂದು ನನ್ನ ಬೋರ್ಡಿಗೆ ಸಾಧ್ಯ ಆಗ್ಲಿಲ್ಲ ತಂಗಿ. ಎಲ್ಲಾ ಬೋರ್ಡೂ ಸೋತಾಗ ಸೋತೆ ಅಂದೆ. ಅವತ್ತು ಅಮ್ಮಾರು ಮೆಟ್ಲ ಕೆಳಗ ಬಂದು ನಿಂತಿದ್ರು. ಕಡ್ಡಿಪೆಟ್ಟಿಗಿ ಕೈಯಾಗ ಹಿಡಕೊಂಡ ನಿಂತಿದ್ರು. ಸೋತೆ ಅನ್ಲಿಕ್ಕೆ ಬಾಯಿ ಬರ್ಲಿಲ್ಲ.”

“ಹಾಗಾದ್ರೆ ನಾನು ಇಸ್ತ್ರಿ ಹಾಕಿದ ಬೋರ್ಡೂ ಸುಳ್ಳಾ?”

“ನಿನ್ನ ಇಸ್ತ್ರಿ ಖರೇ, ಗೆರಿ ಖರೇ, ಶ್ರೀ ಖರೇ, ಬಲ್ಬು ಖರೇ. ಕೇಳಿಸ್ಕೊಳ್ಳೂ ಕಿವಿ ಒಂದು ನಂದು.” ಆಮೇಲೆ ಆ ಗುಂಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತಾ, “ಇನ್ನ ಮ್ಯಾಲೆ ನೀ ಒತ್ತಬೇಕು. ಅಮ್ಮಾರಿಗೆ ಹೇಳಬ್ಯಾಡ” ಅಂದರು. ಎಷ್ಟೋ ವರ್ಷಗಳ ಸಂಜೆಗಳನ್ನೆಲ್ಲ ಆ ಕುರ್ಚಿಯಲ್ಲಿ ಕಿವಿಗೊಟ್ಟು ಕೂತು ಕಳೆದ ಮನುಷ್ಯ, ಅದೇನೂ ಅಲ್ಲವೆನ್ನುವ ಹಾಗೆ ನಿಂತಿದ್ದರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು, ಬಿದ್ದೆ. “ಏಳು, ಏಳು, ಮೊಣಕಾಲು ಜ್ವಾಕಿ” ಅಂದರು.

ಅವತ್ತಿನಿಂದ ಸಂಜೆ ಗುಂಡಿ ಒತ್ತುವುದು ನನ್ನ ಕೆಲಸ. ಅಡಿಗೆಮನೆಯಲ್ಲಿ ಕುಕ್ಕರಿನ ಗಲಾಟೆಗೆ ಗಂಟೆ ಕೇಳುವುದಿಲ್ಲ, ಆದ್ದರಿಂದ ಹೊತ್ತು ನೋಡಿಕೊಂಡು ಮೇಲೆ ಹೋಗಿ ಕಾಯಬೇಕು. ಗಂಟೆ ಶುರುವಾದ ಕೂಡಲೇ ಒಂದೆರಡು ಸಲ ಒತ್ತಿ ಕೆಳಗೆ ಓಡಿ ಬರುತ್ತಿದ್ದೆ. ಅತ್ತೆ ದೇವರ ಕಡೆ ಮುಖ ಮಾಡಿ ಕೂತಿರುವುದರಿಂದ ನಾನು ಹೋಗಿ ಬಂದದ್ದು ಕಾಣುವುದಿಲ್ಲ. ಬಲ್ಬು ಹತ್ತುತ್ತದೆ, ಅವರು ದೀಪ ಹಚ್ಚುತ್ತಾರೆ. ಗುಟ್ಟು ಭದ್ರವಾಗಿದೆ ಅಂತ ನನ್ನ ನಂಬಿಕೆ.

ಇವತ್ತು ಫೋನ್ ಬಂದ ಮೇಲೆ ಅತ್ತೆಗೆ ವಿಷಯ ಹೇಳಿದೆ. ಬಿಸಿಲಲ್ಲಿ ಕೂತಿದ್ದಾಗಲೇ ಹೋದರಂತೆ ಅಂದೆ. “ಬಿಸಿಲಲ್ಲಾ? ಒಳ್ಳೇದಾಯ್ತು, ಅವರಿಗೆ ಅದೇ ಬೇಕಿತ್ತು” ಅಂದರು. ತಲೆಗೆ ನೀರು ಹಾಕಿಕೊಂಡು ಬಂದು, ದಿನವೆಲ್ಲ ತುಳಸಿಕಟ್ಟೆಯ ಬಳಿ ಆ ಇಟ್ಟಿಗೆಗಳ ಪಕ್ಕ ಕೂತಿದ್ದರು. ಸಂಜೆ ನಾನು ಸಾರಿಗೆ ಇಟ್ಟು, ಗಡಿಯಾರ ನೋಡಿ, ಸದ್ದು ಮಾಡದೆ ಮೆಟ್ಟಿಲ ಕಡೆ ಹೊರಟೆ. ದೇವರ ಕೋಣೆಯಿಂದ ಅತ್ತೆಯ ದನಿ ಬಂತು. ಹಿಂತಿರುಗಿ ನೋಡದೆಯೇ ಹೇಳಿದರು:

“ಇವತ್ತಾದ್ರೂ ಸಾರು ಇಳಿಸಿಟ್ಟು ಹೋಗೇ.”

ಹತ್ತಿರ ಹೋಗಿ ಅವರ ಕಿವಿಯ ಬಳಿ, “ನಿಮಗೆ ಗೊತ್ತಿತ್ತಾ?” ಅಂದೆ.

“ಗಂಟೆಗೆ ಜ್ವರ ಬರತ್ತೇನೇ?” ಅಂದರು. “ಮೇಷ್ಟ್ರು ಒತ್ತಿದ್ರೆ ಅಲ್ಲಿ ಗಂಟೆ ಎಷ್ಟು ಹೊತ್ತು ಬಡಿಯತ್ತೋ ಇಲ್ಲೂ ಅಷ್ಟು ಹೊತ್ತು. ನನಗೆ ಪೂರ್ತಿ ಕೇಳಿಸ್ತಿತ್ತು. ನೀನು ಒಲೆ ಮೇಲೆ ಸಾರಿಟ್ಟು ಬಂದು ಎರಡು ಸಲ ಒತ್ತಿ ಓಡ್ತೀಯ.”

“ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ?”

ಅತ್ತೆ ಬೆಂಕಿಪೊಟ್ಟಣವನ್ನು ಕೈಯಲ್ಲಿ ತಿರುವಿದರು. “ಹೇಳಿದ್ರೆ ನಿಲ್ಲಿಸಿಬಿಡ್ತಿದ್ರು. ಆಮೇಲೆ ಮೇಲೆ ಒಬ್ಬರೇ ಇರೋ ಮನುಷ್ಯ ಚೆನ್ನಾಗಿದಾರೋ ಇಲ್ವೋ ಅಂತ ನನಗೆ ದಿನಾ ಹೇಗೆ ಗೊತ್ತಾಗ್ತಿತ್ತು?”

ನಾನು ಅಡಿಗೆಮನೆಗೆ ಹೋಗಿ ಒಲೆ ಆರಿಸಿದೆ. ಮೇಲೆ ಹತ್ತಿ ಮೇಷ್ಟ್ರ ಕುರ್ಚಿಯಲ್ಲಿ ಕೂತೆ. ಅಷ್ಟು ದಿನವೂ ನಾನು ನಿಂತೇ ಒತ್ತುತ್ತಿದ್ದೆ. ಕಿಟಕಿಯಲ್ಲಿ ಕೇದಾರನ ಗುಡಿಯ ತಲೆ ಕಾಣುತ್ತದೆ, ಅದರಾಚೆ ಗಂಗೆ. ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು, ಸುಮ್ಮನಿದ್ದೆ. ಆಮೇಲೆ ಗುಡಿಯ ಗಂಟೆ ಶುರುವಾಯಿತು. ಕಂದು ಗುರುತಿನ ಮೇಲೆ ಹೆಬ್ಬೆರಳಿಟ್ಟು ಒಂದೊಂದು ಪೆಟ್ಟಿಗೂ ಒಂದೊಂದು ಸಲ ಒತ್ತಿದೆ. ಕಣ್ಣು ಮಂಜಾಗಿ ಎದುರಿನದೇನೂ ಕಾಣದಿದ್ದರೂ ಬಿಡದೆ, ಕೊನೆಯ ಪೆಟ್ಟಿನವರೆಗೂ ಒತ್ತಿದೆ. ಕೆಳಗೆ ಇಳಿದು ಬಂದಾಗ ದೇವರ ಮುಂದೆ ದೀಪ ಹತ್ತಿತ್ತು, ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಸಾರು ಪೂರ್ತಿ ಆರಿತ್ತು. ಮತ್ತೆ ಬಿಸಿ ಮಾಡಿಕೊಂಡು ಉಂಡೆವು.